ಎಲ್ಲಿಗೆಂದು ಅವ್ವ ಕೇಳಲಿಲ್ಲ

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಎಂಬುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ಅದಕ್ಕೇ ಆ ಬೆಳಿಗ್ಗೆ ಮಂಡ್ಯದ ನಮ್ಮ ಬಾಡಿಗೆ ಮನೆಯ ಮುಂದೆ ಎಂಜಿನಿಯರ್ ಸಾಹೇಬರ ಕಾರು ಬಂದು ನಿಂತಾಗ ಅವ್ವ ಏನೂ ಕೇಳಲಿಲ್ಲ. ಮದುವೆಮನೆಗೆ ಉಡುವ ಸೀರೆ ಉಟ್ಟು, ಕಜ್ಜಾಯದ ಗಂಟು ಹಿಡಿದು ಹೊರಗೆ ಬಂದಳು. ಸಾಹೇಬರು ಟೋಪಿ ತೆಗೆದು ಹಿಂದಿನ ಬಾಗಿಲು ತೆರೆದರು. ಅವ್ವ ಹತ್ತಿ ಕೂತೇಬಿಟ್ಟಳು.

ತಪ್ಪು ನನ್ನದೇ. ಅವ್ವನ ಒಬ್ಬಳೇ ಅಕ್ಕ, ನನ್ನ ದೊಡ್ಡವ್ವ, ನಿಡಘಟ್ಟದಲ್ಲಿ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಕರೆದುಕೊಂಡು ಹೋಗುತ್ತೇನೆ ಎಂದು ವಾರವಾರವೂ ಹೇಳಿ ವಾರವಾರವೂ ಜಾರಿಕೊಂಡಿದ್ದೆ. ಹಿಂದಿನ ದಿನ ‘ನಾಳೆ ಕಾರು ಬರುತ್ತೆ, ಬೇಗ ಎಬ್ಬಿಸು’ ಎಂದಷ್ಟೇ ಹೇಳಿದ್ದೆ. ಅವ್ವ ಮಿಕ್ಕದ್ದನ್ನು ತಾನೇ ತಿಳಿದುಕೊಂಡಳು. ಕಾರು ಬಂದದ್ದು ಬೇರೆ ಕೆಲಸಕ್ಕೆ. ಕಾಲುವೆ ಕೆಲಸದಲ್ಲಿ ನಾನು ಸಾಹೇಬರ ಗುಮಾಸ್ತ. ಯುದ್ಧ ಮುಗಿದು ಅವರು ತಮ್ಮ ದೇಶ ಸ್ಕಾಟ್ಲೆಂಡಿಗೆ ಹೊರಟು ನಿಂತಿದ್ದರು. ಹೋಗುವ ಮೊದಲು ಈ ಸೀಮೆಯ ಕೋಟೆ, ಗುಡಿಗಳನ್ನೆಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸುವ ಹಟ ಅವರಿಗೆ. ಅಲ್ಲಲ್ಲಿ ಜನರ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ನಾನು. ಬಾಗಿಲು ತೆರೆದು ನಿಂತ ದೊರೆಯ ಎದುರು ಹೆತ್ತವಳನ್ನು ‘ಇಳಿ’ ಎನ್ನಲು ನಾಲಿಗೆ ಬರಲಿಲ್ಲ.

ಕಾರು ಮೈಸೂರಿನ ಕಡೆ ತಿರುಗಿದಾಗ ಅವ್ವ ಮುಂದಕ್ಕೆ ಬಾಗಿದಳು.

“ಇದ್ಯಾಕ್ಲಾ ಈ ಕಡೀಕೆ ಓಯ್ತಾ ಅದೆ? ನಿಡಘಟ್ಟ ಆ ಕಡೀಕಲ್ವಾ?”

“ಬತ್ತಾ ಓಗಾನ ಕಣವ್ವ. ಮೊದ್ಲು ದೊರೆ ಕೆಲ್ಸ ಮುಗೀಲಿ,” ಎಂದೆ.

“ಒತ್ತು ಮುಳುಗೋದ್ರೊಳಗೆ ಓದ್ರೆ ಸಾಕು ಬುಡು,” ಎಂದು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು.

ಶ್ರೀರಂಗಪಟ್ಟಣದ ಸೆರೆಮನೆಯೊಳಗೆ ಸಾಹೇಬರು ಗೋಡೆ ಸವರುತ್ತಾ ಬಹಳ ಹೊತ್ತು ನಿಂತರು. ಹಿಂದೆ ಸುಲ್ತಾನರ ಕಾಲದಲ್ಲಿ ಸೆರೆಸಿಕ್ಕ ತಮ್ಮ ಬೆಟ್ಟದ ಸೀಮೆಯ ಸಿಪಾಯಿಗಳೂ ಇಲ್ಲಿ ಸರಪಳಿಯಲ್ಲಿದ್ದರಂತೆ. ಅವ್ವನಿಗೆ ಹೇಳಿದೆ. “ಊರು ಬುಟ್ಟು ಬಂದು ಇಲ್ಲಿ ಸಾಯ್ಬೇಕಿತ್ತಾ, ಪಾಪ,” ಎಂದಳು. ಸೋಮನಾಥಪುರದಲ್ಲಿ ಸಾಹೇಬರು ಆನೆ ಕುದುರೆಗಳ ಸಾಲನ್ನು ಒಂದೂ ಬಿಡದೆ ನೋಡಿದರು. ಅವ್ವ ಪೂಜೆಯಿಲ್ಲದ ಗುಡಿಯಲ್ಲಿ ಕುಂಕುಮ ಹುಡುಕಿ ಸಾಕಾಗಿ ಮೆಟ್ಟಿಲ ಮೇಲೆ ಕೂತಳು. ನನಗೋ ನೆತ್ತಿಯ ಮೇಲೆ ಬಿಸಿಲು, ಎರಡೂ ಕಡೆಗೆ ಮಾತಾಡಿ ಗಂಟಲು ಒಣಗಿತ್ತು. ಇಷ್ಟೊಂದು ಕಲ್ಲು ಯಾರು ಕೆತ್ತಿದರೋ ಎಂದು ಬೈದುಕೊಂಡೆ.

ಶಿವನಸಮುದ್ರದಲ್ಲಿ ನೀರು ಬೀಳುವುದನ್ನು ನೋಡುತ್ತಾ ಸಾಹೇಬರು ತಾವಾಗಿಯೇ ಮಾತು ತೆಗೆದರು. ತಮ್ಮೂರಲ್ಲಿ ಒಂದು ದೊಡ್ಡ ಕೆರೆ, ಅದರ ದಂಡೆಯಲ್ಲಿ ಹಾಳುಬಿದ್ದ ಕೋಟೆ, ಕೋಟೆಯ ಕೆಳಗಿನ ಮನೆಯಲ್ಲಿ ಅವರ ಅಕ್ಕ. ನೋಡಿ ಹನ್ನೊಂದು ವರ್ಷವಾಗಿತ್ತು. ಕಣ್ಣು ಕಾಣದೆ ಈಗ ಅವಳ ಕಾಗದ ಬೇರೆಯವರ ಅಕ್ಷರದಲ್ಲಿ ಬರುತ್ತದಂತೆ. ಅದನ್ನೂ ಅವ್ವನಿಗೆ ಹೇಳಿದೆ. ಅವಳು ಸಾಹೇಬರ ಮುಖವನ್ನೇ ನೋಡಿದಳು. ಎಲ್ಲರಿಗೂ ಹಸಿವಾಗಿತ್ತು, ಆದರೂ ಅವಳು ಗಂಟು ಬಿಚ್ಚಲಿಲ್ಲ. ಅದು ತನ್ನ ಅಕ್ಕನಿಗೆಂದು ಮಾಡಿದ್ದು.

ಮಳವಳ್ಳಿ ದಾಟುವಾಗ ಟೈರು ಪಂಕ್ಚರ್ ಆಯಿತು. ಮದ್ದೂರು ಸೇರುವಾಗ ಸೂರ್ಯ ಇಳಿದಿದ್ದ. ಕೂಡುರಸ್ತೆಯಲ್ಲಿ ಎಡಕ್ಕೆ ಮಂಡ್ಯ, ಬಲಕ್ಕೆ ನಿಡಘಟ್ಟ, ಕಾರಿಗೆ ಅರ್ಧ ಗಂಟೆಯೂ ಬೇಡ. ಸಾಹೇಬರು ಕಾರು ನಿಲ್ಲಿಸಿ, “ಮನೆಗೇನಾ? ನೋಡುವುದು ಇನ್ನೇನಾದರೂ ಉಳಿದಿದೆಯಾ?” ಎಂದರು. ಹೇಳಿದ್ದರೆ ಖಂಡಿತ ತಿರುಗಿಸುತ್ತಿದ್ದರು. ಅದು ನನಗೆ ಆಗಲೂ ಗೊತ್ತಿತ್ತು. ಸಾಕಾಗಿತ್ತು ನನಗೆ, ಅಷ್ಟೇ. “ಏನೂ ಉಳಿದಿಲ್ಲ, ಮನೆಗೆ,” ಎಂದೆ. ಕಾರು ಎಡಕ್ಕೆ ಹೊರಳಿತು. ಅವ್ವ ತಿರುಗಿ ನಿಡಘಟ್ಟದ ರಸ್ತೆ ನೋಡಿದಳು. ನಾಲ್ಕು ದಿನ ಬಿಟ್ಟು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅಷ್ಟರಲ್ಲಿ ದೊಡ್ಡವ್ವನಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆ ಸಂಜೆ ಮನೆ ಮುಂದೆ ಇಳಿದ ಅವ್ವ ಒಳಗೆ ಹೋಗಲಿಲ್ಲ. ಗಂಟನ್ನು ಸಾಹೇಬರ ಮುಂದೆ ಹಿಡಿದಳು.

“ಅವ್ರ ಅಕ್ಕಂಗೆ ಕೊಡ್ಲಿ ಅನ್ನು. ಅವ್ರಾದ್ರೂ ಓಯ್ತಾವ್ರೆ.”

ಸಾಹೇಬರು ಎರಡೂ ಕೈಯಲ್ಲಿ ತೆಗೆದುಕೊಂಡು, ಅಮ್ಮ ಏನಂದರು ಎಂದು ಕೇಳಿದರು. ದಾರಿಗೆ ತಿಂಡಿಯಂತೆ ಎಂದು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ.

ಇಂಗ್ಲಿಷಿನ ಒಂದಕ್ಷರ ಬಾರದ ಅವ್ವ ನನ್ನ ಮುಖ ನೋಡಿ, “ಪೂರ್ತಿ ಯೋಳ್ಲಾ,” ಎಂದಳು.