ಬರಿಗೈಲಿ ಕರೆಯದ ಕಾಟಯ್ಯ

ಬುಧವಾರ ಬೆಳಗಿನ ಆರು ಗಂಟೆ. ಮಾರಿಕಣಿವೆ ರಸ್ತೆ ಪಕ್ಕದ ಸಣ್ಣ ಮೃಗಾಲಯದಲ್ಲಿ ಕಾಟಯ್ಯ ಕುಕ್ಕರಗಾಲಲ್ಲಿ ಕುಳಿತು ತೋಳದ ಮಲವನ್ನು ಕಡ್ಡಿಯಿಂದ ಕೆದಕಿ ನೋಡುತ್ತಿದ್ದಾರೆ. ಹುಳ ಇಲ್ಲ, ರಕ್ತ ಇಲ್ಲ. ಸಮಾಧಾನವಾಗಿ ಎದ್ದು ಪೊರಕೆ ಹಿಡಿಯುತ್ತಾರೆ. ತೋಳದ ಹೊಟ್ಟೆ ಸರಿಯಿದೆ, ಆದರೆ ಕರೆದರೆ ಬರುತ್ತದೋ ಇಲ್ಲವೋ ಎಂಬುದು ಇವತ್ತು ಒಂಬತ್ತೂವರೆಗೆ ಗೊತ್ತಾಗಬೇಕು.

ಆ ಹೊತ್ತಿಗೆ ಹೊಸದುರ್ಗ ಕಡೆಯ ಶಾಲೆಯೊಂದರ ಐದನೇ ತರಗತಿ ಟಿವಿ ಮುಂದೆ ಕುಳಿತಿರುತ್ತದೆ. ಮೃಗಾಲಯದ ಶಿಕ್ಷಣಾಧಿಕಾರಿ ರಂಜಿತಾ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ವಿಡಿಯೊ ಕರೆಯಲ್ಲಿ ಪಾಠ ಮಾಡುತ್ತಾರೆ. ಮಕ್ಕಳಿಗೆ ಕಾಣುವುದು ರಂಜಿತಾ ಮತ್ತು ಪ್ರಾಣಿ. ಪ್ರಾಣಿ ಕ್ಯಾಮೆರಾ ಮುಂದೆ ಬರುವಂತೆ ಮಾಡುವ ಕಾಟಯ್ಯ ಪಕ್ಕದಲ್ಲೇ ನಿಂತಿದ್ದರೂ ಯಾರಿಗೂ ಕಾಣುವುದಿಲ್ಲ.

ಐವತ್ತನಾಲ್ಕರ ಕಾಟಯ್ಯ ಬಿ.ದುರ್ಗ ಸೀಮೆಯ ಕುರಿ ಕಾಯುವ ಮನೆಯವರು. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು, ನೌಕರಿ ಇನ್ನೂ ಕಾಯಂ ಆಗಿಲ್ಲ. ದಿನಕ್ಕೆ ಹನ್ನೊಂದು ಬೋನು ತೊಳೆಯಬೇಕು, ಇಪ್ಪತ್ತಾರು ಪ್ರಾಣಿಗಳಿಗೆ ನೀರಿಡಬೇಕು. ಅಪ್ಪನ ಹಿಂಡಿನ ಒಂಬತ್ತು ಕುರಿಗಳನ್ನು ಒಂದೇ ಬೇಸಿಗೆಯಲ್ಲಿ ತೋಳ ಹೊತ್ತೊಯ್ದಿತ್ತಂತೆ. ಈಗ ಮಗ ತೋಳಕ್ಕೇ ಊಟ ಬಡಿಸುತ್ತಾನೆ ಎಂದು ಊರಲ್ಲಿ ಕಾಲೆಳೆಯುವವರಿದ್ದಾರೆ. ಏಳು ವರ್ಷದ ಹಿಂದೆ ಮೆಕ್ಕೆಜೋಳದ ಹೊಲದಲ್ಲಿ ಮರಿಯಾಗಿ ಸಿಕ್ಕ ಈ ಹೆಣ್ಣು ತೋಳಕ್ಕೆ ಚೆನ್ನಿ ಎಂದು ಹೆಸರಿಟ್ಟು ಸಾಕಿದವರು ಇವರೇ.

ತಪ್ಪಾಗಿದ್ದು ಮೊದಲ ಪಾಠದ ದಿನ. ಮೃಗಾಲಯಕ್ಕೆ ಮಂಗಳವಾರ ರಜೆ, ಜನರ ಗದ್ದಲ ಇರುವುದಿಲ್ಲವೆಂದು ಪಾಠವನ್ನು ಅಂದೇ ಇಟ್ಟಿದ್ದರು. ಮಾಂಸ ತಿನ್ನುವ ಪ್ರಾಣಿಗಳಿಗೆ ವಾರದ ಉಪವಾಸವೂ ಅಂದೇ. ಒಂದು ತುಂಡೂ ಕೊಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಮಕ್ಕಳು ಕಾಯುತ್ತಿದ್ದಾರೆಂದು ರಂಜಿತಾ ಅವಸರ ಮಾಡಿದರು. ಕಾಟಯ್ಯ ಬರಿಗೈ ಚಾಚಿ ಕರೆದರು.

"ಬಂತು. ನನ್ ಕೈ ಮೂಸಿ ನೋಡ್ತು, ಏನೂ ಇರ್ಲಿಲ್ಲ. ಆಮೇಲೆ ತಲೆ ಎತ್ತಿ ನನ್ ಮುಖ ನೋಡ್ತು ನೋಡ್ರಿ, ಅದು ಇನ್ನೂ ಕಣ್ಣಾಗೇ ಐತೆ," ಎನ್ನುತ್ತಾರೆ.

ಅವರ ಮನೆಯಲ್ಲಿ ಕುರಿ ಕರೆಯುವವರ ಕಂಬಳಿ ಚುಂಗಿನಲ್ಲಿ ಒಂದು ಹಿಡಿ ಹುರುಳಿ ಇರಲೇಬೇಕು. ಕೊಡಲು ಏನೂ ಇಲ್ಲದಿದ್ದರೆ ಕರೆಯುವಂತಿಲ್ಲ, ನಡೆದುಹೋಗಿ ಹಿಡಿದು ತರಬೇಕು. ಅದನ್ನು ಚೆನ್ನಾಗಿ ಬಲ್ಲವರೇ ಎಡವಿದ್ದರು. ಮರುದಿನದಿಂದ ಚೆನ್ನಿ ಅವರ ದನಿಗೆ ಓಗೊಡಲಿಲ್ಲ. ಅವರು ಮರೆಯಾದ ಮೇಲಷ್ಟೇ ಮಾಂಸ ಮುಟ್ಟುತ್ತಿತ್ತು. ಕಾಯಿಲೆ ಏನಿಲ್ಲ ಎಂದರು ವೈದ್ಯರು. ಕಾಟಯ್ಯನಿಗೆ ಅದು ಮೊದಲೇ ಗೊತ್ತಿತ್ತು, ಸಂಕಟವಾಗಿದ್ದೂ ಅದಕ್ಕೇ.

ಮುಂದಿನ ಮಂಗಳವಾರ ರಾಮಗಿರಿ ಶಾಲೆಯ ನಲವತ್ತೊಂದು ಮಕ್ಕಳು ಟಿವಿಯಲ್ಲಿ ಬೋನಿನ ಬರೀ ಗೋಡೆ ನೋಡುತ್ತ ಕುಳಿತರು. ಕರೆಯಿರಿ ಎಂದು ರಂಜಿತಾ ಮೂರು ಸಲ ಹೇಳಿದರೂ ಕಾಟಯ್ಯ ಕರೆಯಲಿಲ್ಲ. ಆ ಕಡೆಯ ಮೇಷ್ಟ್ರು ನೆಟ್‌ವರ್ಕ್ ಕೈಕೊಟ್ಟಿತೆಂದು ವೈರು ಅಲ್ಲಾಡಿಸುತ್ತಿದ್ದರು. ಕೊನೆಗೆ ಕಾಟಯ್ಯ ತಾವೇ ಮೊಬೈಲ್ ಮುಂದೆ ಬಂದರು.

"ಇವತ್ತು ಅದಕ್ಕೆ ಉಪಾಸ ಐತೆ, ಮಕ್ಳೇ. ನನ್ ಕೈ ಖಾಲಿ. ನಾನು ಕರಿಯಂಗಿಲ್ಲ," ಎಂದರು.

ರಂಜಿತಾ ಅವರ ಮುಖ ಕೆಂಪಾಯಿತು. ಆದರೆ ಕಾವ್ಯಶ್ರೀ ಎಂಬ ಹುಡುಗಿ ಎದ್ದು, ತಮ್ಮಪ್ಪನೂ ಹುರುಳಿ ಇಲ್ಲದೆ ಕುರಿ ಕರೆಯುವುದಿಲ್ಲ ಎಂದಳು. ಉಳಿದ ಪಾಠವೆಲ್ಲ ಅದರ ಮೇಲೇ ನಡೆಯಿತು. ಅವತ್ತು ತಾನೂ ಒಂದು ಪಾಠ ಕಲಿತೆ ಎಂದು ರಂಜಿತಾ ಈಗ ಒಪ್ಪಿಕೊಳ್ಳುತ್ತಾರೆ. ಪಾಠವನ್ನು ಬುಧವಾರಕ್ಕೆ, ಗೇಟು ತೆರೆಯುವ ಮುಂಚಿನ ಹೊತ್ತಿಗೆ ಬದಲಿಸಿ ಎಂದು ಮೇಲಿನವರಿಗೆ ಪತ್ರ ಬರೆದವರೂ ಅವರೇ. ಒಪ್ಪಿಗೆಯೇನೋ ಬಂತು, ಚೆನ್ನಿ ಬರಬೇಕಲ್ಲ? ಕಾಟಯ್ಯ ಉಪವಾಸದ ದಿನ ಬಿಟ್ಟು ದಿನವೂ ಸಂಜೆ ಮಾಂಸ ಹಿಡಿದು ಕರೆದರು, ಬರದಿದ್ದರೆ ಒಳಗಿಟ್ಟು ಹೋದರು. ಇಪ್ಪತ್ಮೂರು ದಿನ ಹೀಗೇ ಕಳೆಯಿತು. ಹೋದ ಶುಕ್ರವಾರ ಅರ್ಧ ದೂರ ಬಂದು ನಿಂತಿತ್ತು.

ಒಂಬತ್ತೂವರೆ. ಹೊಸದುರ್ಗದ ಮಕ್ಕಳ ಗಲಾಟೆ ಮೊಬೈಲಿನಿಂದ ಕೇಳುತ್ತಿದೆ. ಕಾಟಯ್ಯ ಉದ್ದನೆಯ ಇಕ್ಕಳದಲ್ಲಿ ಮಾಂಸದ ತುಂಡು ಹಿಡಿದು "ಚೆನ್ನೀ, ಬಾರವ್ವ" ಎನ್ನುತ್ತಾರೆ. ಏನೂ ಅಲ್ಲಾಡುವುದಿಲ್ಲ. ಎರಡನೇ ಸಲ ಕರೆಯುವಾಗ ಅವರ ದನಿ ಸಣ್ಣದಾಗಿದೆ. ಬಂಡೆಯ ಹಿಂದಿನಿಂದ ಚೆನ್ನಿ ಮೂತಿ ಹೊರಹಾಕುತ್ತದೆ. ಮೊಬೈಲನ್ನು ಗುರಾಯಿಸಿ ನೋಡುತ್ತದೆ. ಆಮೇಲೆ ನೇರ ಜಾಲರಿಯವರೆಗೆ ನಡೆದು ಬಂದು, ತುಂಡು ಕಚ್ಚಿ, ಓಡಿಹೋಗದೆ ಅವರೆದುರೇ ನಿಂತು ತಿನ್ನುತ್ತದೆ.

ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಚೆನ್ನಿಗೆ ನಿಮ್ಮ ಮೇಲೆ ತುಂಬಾ ಪ್ರೀತಿಯಾ ತಾತ ಎಂದು ಒಬ್ಬಳು ಕೇಳುತ್ತಾಳೆ. ರಂಜಿತಾ ಮೊಬೈಲನ್ನು ಅವರತ್ತ ತಿರುಗಿಸುತ್ತಾರೆ. ಕಾಟಯ್ಯ ಇಕ್ಕಳ ಕೆಳಗಿಟ್ಟು ಮೊಬೈಲಿನತ್ತ ಬಾಗುತ್ತಾರೆ.

"ಪ್ರೀತಿಗೀತಿ ನಂಗೊತ್ತಿಲ್ಲವ್ವ. ಕರದ್ರೆ ಬರ್ತೈತೆ. ನಂಗಷ್ಟು ಸಾಕು."