ನೀಲಕ್ಕನ ಎರಡು ನೀಲಿ

ಬಲಗಣ್ಣಿನ ಪಟ್ಟಿ ಬಿಚ್ಚಿದ ಮಾರನೆಯ ಬೆಳಿಗ್ಗೆ ನೀಲಕ್ಕ ಅಡುಗೆಮನೆಯ ಕಿಟಕಿಯ ಬಳಿ ನಿಂತು ಒಂದು ಪಿಂಗಾಣಿ ಚೂರನ್ನು ನೋಡುತ್ತಿದ್ದರು. ಅಂಗೈ ಅಗಲದ ಚೂರು, ಬಿಳಿಯ ಮೇಲೆ ನೀಲಿ ಬಳ್ಳಿ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರೆ ಅದು ಒಗೆದೊಗೆದು ಮಾಸಿದ ಬಟ್ಟೆಯ ಬಣ್ಣ, ಬೂದುಬೂದು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದರೆ ಈಗಷ್ಟೇ ಶಾಯಿ ಚೆಲ್ಲಿದಂತೆ ತುಂಬು ನೀಲಿ, ಅದರ ಒಳಗೆಲ್ಲೋ ಸ್ವಲ್ಪ ನೇರಳೆ. ಒಂದಲ್ಲ, ಹತ್ತು ಸಲ ಹಾಗೆ ನೋಡಿದರು.

“ಏನ್ ಅತ್ತಿಗೆ, ಬೆಳಿಗ್ಗೆ ಬೆಳಿಗ್ಗೆ ಚೂರಿಗೆ ಕಣ್ಣು ಹೊಡೀತಿದ್ದೀರಾ?” ಎಂದಳು ನಾದಿನಿ. ಶಸ್ತ್ರಚಿಕಿತ್ಸೆಯ ನಂತರ ನೋಡಿಕೊಳ್ಳಲೆಂದು ಬಂದವಳು, ಬಂದ ದಿನದಿಂದ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ.

“ಸುಮ್ನಿರೇ. ನನ್ನ ಫೋನ್ ಎಲ್ಲಿದೆ ನೋಡು.”

“ಡಾಕ್ಟರು ಫೋನ್ ನೋಡ್ಬೇಡಿ ಅಂದಿದ್ದಾರೆ.”

“ನೋಡಲ್ಲ, ಮಾತಾಡ್ತೀನಿ. ಬೇಗ ಕೊಡು.”

ಧ್ವನಿ ಬದಲಾಗಿದ್ದು ನಾದಿನಿಗೆ ತಿಳಿಯಿತು. ಫೋನ್ ತಂದುಕೊಟ್ಟಳು.

ನೀಲಕ್ಕ ಎಂಬುದು ಅವರ ನಿಜವಾದ ಹೆಸರಲ್ಲ. ಹಳೆಯ ವಸ್ತುಗಳ ಹರಾಜು ಮನೆಯಲ್ಲಿ ಮೂವತ್ತೊಂದು ವರ್ಷ ನೀಲಿ-ಬಿಳಿ ಪಿಂಗಾಣಿಯ ನಡುವೆ ಕಳೆದವರಿಗೆ ಗೋದಾಮಿನವರು ಇಟ್ಟ ಹೆಸರು. ಸೇರಿದ್ದು ಪೆಟ್ಟಿಗೆ ಬಿಚ್ಚಿ ತಟ್ಟೆ ತೊಳೆಯುವ ಕೆಲಸಕ್ಕೆ. ಆಗ ಅಲ್ಲಿದ್ದ ಹಿರಿಯ ಗುಮಾಸ್ತರು ಇವರ ಕೈಯ ನಿಧಾನವನ್ನು ಗಮನಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲ ಒಂದು ವರ್ಷ ಯಾವ ತಟ್ಟೆಯನ್ನೂ ನೇರವಾಗಿ ತೋರಿಸಲಿಲ್ಲ. ಬೋರಲು ಹಾಕಿಯೇ ಕೊಡುತ್ತಿದ್ದರು. ಚಿತ್ರ ನೋಡಿದರೆ ಮನಸ್ಸು ಮೊದಲೇ ತೀರ್ಮಾನ ಮಾಡಿಬಿಡುತ್ತದೆ, ತಟ್ಟೆಯ ತಳಕ್ಕೆ ಆ ನಾಟಕ ಗೊತ್ತಿಲ್ಲ ಎನ್ನುತ್ತಿದ್ದರು.

ಹಡಗಿನಲ್ಲಿ ಹೊರದೇಶಕ್ಕೆ ಕಳಿಸಲೆಂದೇ ಚೀನಾದಲ್ಲಿ ಮಾಡಿದ ಈ ಸಾಮಾನುಗಳ ವಯಸ್ಸು ಹೇಳುವುದು ಸುಲಭವಲ್ಲ. ಅನೇಕ ಪಾತ್ರೆಗಳ ಅಡಿಯಲ್ಲಿ ಮುದ್ರೆಯೇ ಇರುವುದಿಲ್ಲ. ಇದ್ದರೂ ನೂರಿನ್ನೂರು ವರ್ಷ ಹಿಂದಿನ ಅರಸನ ಹೆಸರನ್ನು ಗೌರವಕ್ಕೆಂದು ಬರೆದದ್ದಿರಬಹುದು. ಹಾಗಾಗಿ ನೀಲಕ್ಕ ಅಡಿಯ ಬಳೆಯನ್ನು ಓದಲು ಕಲಿತರು. ಪಾತ್ರೆ ನೆಲಕ್ಕೆ ತಾಗುವ ಆ ಉಂಗುರದ ಮೇಲೆ ಹೊಳಪು ಲೇಪ ಇರುವುದಿಲ್ಲ, ಬೆತ್ತಲೆ ಮಣ್ಣಿರುತ್ತದೆ. ಅದನ್ನು ಚಾಕುವಿನಿಂದ ಹೇಗೆ ಕೆತ್ತಿದ್ದಾರೆ, ಪಾತ್ರೆ ಸುಡುವ ಆವಿಗೆಯ ಮರಳು ಅಂಟಿದೆಯೇ, ಲೇಪ ಮುಗಿಯುವಲ್ಲಿ ತುಕ್ಕಿನ ಬಣ್ಣದ ಗೆರೆ ಇದೆಯೇ ಎಂದು ಹೆಬ್ಬೆರಳು ಸವರಿ ನೋಡಬೇಕು. ನೀಲಿಯ ಸರದಿ ಆಮೇಲೆ.

ವರ್ಷ ಕಳೆದಂತೆ ಕೆಲಸ ಹೆಚ್ಚಿತು. ದಿನಕ್ಕೆ ನಲವತ್ತು, ಐವತ್ತು ಪಾತ್ರೆ. ನೀಲಿಯನ್ನು ದೂರದಿಂದ ಕಂಡೇ ಕಾಲ ಹೇಳುವಷ್ಟು ಕಣ್ಣು ಪಳಗಿತ್ತು. ಹೇಳಿದ್ದು ತಪ್ಪುತ್ತಿರಲಿಲ್ಲ. ವಸ್ತುವಿನ ಕಾಲ ಬರೆದು ಅವರು ಸಹಿ ಹಾಕಿದ ಚೀಟಿಯನ್ನು ಯಾರೂ ಎರಡನೇ ಸಲ ಪ್ರಶ್ನಿಸುತ್ತಿರಲಿಲ್ಲ.

ನಾಲ್ಕು ವರ್ಷಗಳಿಂದ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು. ಮಬ್ಬಾಯಿತೆಂದು ಅವರು ಬೈದದ್ದು ಗೋದಾಮಿನ ಬಲ್ಬುಗಳನ್ನು. ಎರಡು ಸಲ ಬದಲಾಯಿಸಿದರು. ಪೊರೆ ಹಳದಿಗಟ್ಟಿದಂತೆ ಮೊದಲು ಕದಿಯುವುದು ನೀಲಿಯನ್ನೇ ಎಂದು ವೈದ್ಯರು ಹೇಳಿದ್ದು ನಿನ್ನೆ, ಪಟ್ಟಿ ಬಿಚ್ಚುವಾಗ, ಸಹಜವಾಗಿ. ಹೊಸ ಕಣ್ಣಿನ ಖುಷಿಯಲ್ಲಿ ನೀಲಕ್ಕ ಆ ಮಾತಿಗೆ ನಕ್ಕಿದ್ದರು.

ಈಗ ನಗು ಬರಲಿಲ್ಲ. ನೆನಪಾದದ್ದು ಮೂರು ವಾರದ ಹಿಂದಿನ ಒಂದು ಭರಣಿ.

ಒಬ್ಬ ಹೆಂಗಸು, ಬಟ್ಟೆ ಹೊಲಿಯುವವರು, ಅದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಮುಚ್ಚಳವಿಲ್ಲ, ಒಳಗೆ ಅರ್ಧದವರೆಗೆ ಅಂಗಿ ಗುಂಡಿಗಳು. ಅವರ ತಾಯಿಯ ಕಾಲದಿಂದ ಅದು ಗುಂಡಿ ಹಾಕುವ ಭರಣಿ. ಬೋರಲು ಹಾಕಿದರೆ ಗುಂಡಿ ಚೆಲ್ಲುತ್ತವೆ, ಹಿಂದೆ ಹನ್ನೊಂದು ಜನ ಕಾಯುತ್ತಿದ್ದರು. ನೀಲಕ್ಕ ಮೇಜಿನ ಮೇಲಿದ್ದಂತೆಯೇ ನೋಡಿ, ಬಣ್ಣ ಸಪ್ಪೆ ಎಂದುಕೊಂಡು, ‘ಹತ್ತೊಂಬತ್ತನೇ ಶತಮಾನದ ಕೊನೆ, ಸಾಮಾನ್ಯ’ ಎಂದು ಬರೆದುಕೊಟ್ಟಿದ್ದರು. ಹಾಗಾದರೆ ತಳಕ್ಕೆ ತೂತು ಕೊರೆಸಿ ಮೇಜಿನ ದೀಪ ಮಾಡಿಸಬಹುದಾ ಎಂದು ಆ ಹೆಂಗಸು ಕೇಳಿದ್ದರು. ಧಾರಾಳವಾಗಿ ಮಾಡಿಸಿ ಎಂದಿದ್ದರು ನೀಲಕ್ಕ.

ಅವತ್ತು ಫೋನಿನಲ್ಲಿ ಉಳಿಸಿಕೊಂಡಿದ್ದ ನಂಬರಿಗೆ ಕರೆ ಮಾಡಿದರು. ಎತ್ತಿದವರು ಹೊಲಿಗೆಯವರೇ. “ಭರಣಿನಾ? ನಿನ್ನೆ ಸಂಜೆ ದೀಪದ ಅಂಗಡಿಗೆ ಕೊಟ್ಟೆ ಮೇಡಂ. ಬೆಳಿಗ್ಗೆ ಮೊದಲ ಕೆಲಸ ಅದೇ ಅಂದ್ರು. ಯಾಕೆ?”

“ಅಂಗಡಿ ಎಲ್ಲಿ? ನಂಬರ್ ಕೊಡಿ. ನೀವೂ ಹೊರಡಿ.”

ಅಂಗಡಿಯ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕೊರೆಯುವಾಗ ಯಾರಿಗೂ ಫೋನ್ ಕೇಳಿಸುವುದಿಲ್ಲವೆಂದು ನೀಲಕ್ಕನಿಗೆ ಗೊತ್ತಿತ್ತು.

“ಧೂಳಿಗೆ ಹೋಗ್ಬಾರ್ದು, ಬಗ್ಗಬಾರ್ದು, ಭಾರ ಎತ್ಬಾರ್ದು,” ಎಂದು ನಾದಿನಿ ಆಟೋದಲ್ಲಿ ಕೂತ ಮೇಲೂ ಹೇಳುತ್ತಿದ್ದಳು. “ಮೂರೂ ಒಟ್ಟಿಗೆ ಮಾಡೋಕೆ ಹೊರಟಿದ್ದೀರಿ. ಅಣ್ಣ ಕೇಳಿದ್ರೆ ನನ್ನ ಚರ್ಮ ಸುಲಿತಾನೆ.”

“ನಿಮ್ಮಣ್ಣನಿಗೆ ನಾನು ಹೇಳ್ಕೋತೀನಿ. ಡ್ರೈವರಿಗೆ ಬೇಗ ಹೋಗೋಕೆ ಹೇಳು.”

ಸಿಗ್ನಲ್ ಕೆಂಪಿತ್ತು. ಬಿಡುವಷ್ಟರಲ್ಲಿ ನೀಲಕ್ಕ ಮತ್ತೆರಡು ಸಲ ಫೋನ್ ಮಾಡಿದ್ದರು.

ಅಂಗಡಿ ಒಂದು ಓಣಿಯ ಕೊನೆಯಲ್ಲಿತ್ತು. ಸೂರಿನ ತುಂಬ ತೂಗುವ ದೀಪಗಳು, ಹಿಂದೆ ಕೆಲಸದ ಕೋಣೆ. ಅಲ್ಲಿಂದ ಹಲ್ಲು ಜುಮ್ಮೆನ್ನಿಸುವ ಸದ್ದು ಬರುತ್ತಿತ್ತು. ನೀಲಕ್ಕ ಹೋದವರೇ ಗೋಡೆಯ ಸ್ವಿಚ್ ಆರಿಸಿದರು.

“ಯಾರ್ರೀ ಅದು?” ದೀಪದವನು ತಿರುಗಿದ. ಹಣೆಯ ಮೇಲೆ ಕನ್ನಡಕ, ಕೈ ತುಂಬ ಒದ್ದೆ ಬಿಳಿ ಕೆಸರು.

“ಎಷ್ಟು ಆಳ ಹೋಗಿದೆ?”

“ಕರೆಂಟ್ ತೆಗೆದಿದ್ದು ನೀವಾ? ಡ್ರಿಲ್ ಬಿಟ್ ಸಿಕ್ಕಿಹಾಕ್ಕೊಂಡಿದ್ರೆ ಪಾತ್ರೆ ಎರಡು ಹೋಳಾಗ್ತಿತ್ತು!”

“ಎಷ್ಟು ಆಳ, ಹೇಳಪ್ಪ.”

ಭರಣಿ ಮರಳಿನ ಚೀಲದ ಮೇಲೆ ಬೋರಲು ಕೂತಿತ್ತು. ಅಡಿಯ ಬಳೆಯೊಳಗೆ ನೀರು ನಿಲ್ಲಿಸಿದ್ದ. ಅವನು ನೀರನ್ನು ಬಟ್ಟೆಯಿಂದ ಹೀರಿದಾಗ ನಡುವೆ ಹೆಸರುಕಾಳು ಕೂರುವಷ್ಟು ಕುಳಿ ಕಂಡಿತು. ಆಚೆ ಬದಿಗೆ ದಾಟಿರಲಿಲ್ಲ.

“ಇನ್ನೆರಡು ನಿಮಿಷ ಆಗಿದ್ರೆ ಮುಗೀತಿತ್ತು,” ಎಂದ ದೀಪದವನು, ಕೆಲಸ ನಿಂತ ಬೇಸರದಲ್ಲಿ.

ಅಷ್ಟರಲ್ಲಿ ಹೊಲಿಗೆಯವರು ಏದುಸಿರು ಬಿಡುತ್ತ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ನೀಲಕ್ಕ ಭರಣಿಯನ್ನು ಬಾಗಿಲ ಬೆಳಕಿಗೆ ತರಿಸಿದರು. ಹೊಸ ಕಣ್ಣಿಗೆ ಅದರ ನೀಲಿ ಉರಿಯುತ್ತಿತ್ತು. ಆದರೆ ಗೋಡೆಯ ಕ್ಯಾಲೆಂಡರೂ ಉರಿಯುತ್ತಿತ್ತು, ನಾದಿನಿಯ ಪ್ಲಾಸ್ಟಿಕ್ ಬುಟ್ಟಿಯೂ ಉರಿಯುತ್ತಿತ್ತು. ಮೊನ್ನೆಯವರೆಗೆ ಎಲ್ಲವೂ ಮಾಸಿತ್ತು, ಇವತ್ತು ಎಲ್ಲವೂ ಶ್ರೇಷ್ಠವಾಗಿ ಕಾಣುತ್ತಿತ್ತು. ಈ ಕಣ್ಣನ್ನೂ ನಂಬುವಂತಿರಲಿಲ್ಲ.

ಅವರು ಎರಡೂ ಕಣ್ಣು ಮುಚ್ಚಿದರು. ಹೆಬ್ಬೆರಳನ್ನು ಅಡಿಯ ಬಳೆಯ ಮೇಲಿಟ್ಟು ಸುತ್ತ ತಂದರು. ಹೊರಗಿನ ಅಂಚು ಓರೆಯಾಗಿತ್ತು, ಚಾಕುವಿನ ಕೆತ್ತು ಒಂದು ಕಡೆ ಜಾರಿತ್ತು. ಮೂರು ಕಡೆ ಮರಳಿನ ಕಾಳು ಸಿಕ್ಕಿತು. ಆಮೇಲೆ ಕಣ್ಣು ತೆರೆದು ಚೀಲದಿಂದ ಭೂತಗನ್ನಡಿ ತೆಗೆದು ಹಿಡಿದರು. ಲೇಪ ನಿಂತಲ್ಲಿ ಕೂದಲೆಳೆಯ ತುಕ್ಕುಗೆರೆ, ಉಂಗುರದ ಸವೆತ ಅಡ್ಡಾದಿಡ್ಡಿ, ಹಳೆಯದಾಗಿ ಕಾಣಲೆಂದು ಬೇಕೆಂದೇ ಉಜ್ಜಿದ ಹಾಗೆ ಎಲ್ಲಿಯೂ ಇರಲಿಲ್ಲ. ಹತ್ತು ನಿಮಿಷವಾಯಿತು.

“ನಾನು ಬರೆದದ್ದು ತಪ್ಪು,” ಎಂದರು. “ಅವತ್ತು ಕಣ್ಣಿನಲ್ಲಿ ಪೊರೆ ಇತ್ತು, ಬಲಗಣ್ಣಿನದು ಮೊನ್ನೆ ತೆಗೆಸಿದೆ. ಇದು ಮುನ್ನೂರು ವರ್ಷದ ಆಸುಪಾಸಿನದು.”

ಹೊಲಿಗೆಯವರು ಸಂತೋಷ ಪಡಲಿಲ್ಲ. “ಅವತ್ತು ಒಂದು ಹೇಳಿದ್ರಿ, ಇವತ್ತು ಒಂದು. ಎಡಗಣ್ಣಿನ ಆಪರೇಷನ್ ಆದ್ಮೇಲೆ ಇನ್ನೇನು ಹೇಳ್ತೀರಿ ಮೇಡಂ?”

ದೀಪದವನು ನಕ್ಕ. ನಾದಿನಿ ಅವನನ್ನು ಗುರಾಯಿಸಿದಳು.

ಮಾತು ನೆಟ್ಟಗೆ ಚುಚ್ಚಿತು. ನೀಲಕ್ಕ, “ಕಣ್ಣಿನ ಮಾತು ಬಿಡಿ. ಕೈ ಕೊಡಿ ಇಲ್ಲಿ,” ಎಂದು ಅವರ ಬೆರಳನ್ನು ಬಳೆಯ ಮೇಲೆ ಓಡಿಸಿದರು. ನಂತರ ಭರಣಿಯ ಬಾಯೊಳಗೆ ಕೈ ಇಳಿಸಿ ಹೊಟ್ಟೆಯ ಒಳಗೋಡೆ ಸವರಲು ಹೇಳಿದರು.

ಹೊಲಿಗೆಯವರ ಕೈ ಒಂದೆಡೆ ನಿಂತಿತು. “ಇಲ್ಲೊಂದು ಕೂಡು ಇದೆ. ಸುತ್ತ ಇದೆ. ಮೇಲಿನ ಭಾಗ, ಕೆಳಗಿನ ಭಾಗ ಬೇರೆ ಬೇರೆ ಮಾಡಿ ಸೇರಿಸಿದ್ದಾರೆ, ಅಲ್ವಾ?”

“ಹೌದು. ಅದೊಂದರಿಂದಲೇ ವಯಸ್ಸು ಗೊತ್ತಾಗಲ್ಲ, ಈಚಿನವರೂ ಕೂಡಿಸಿದ್ದುಂಟು. ಕೂಡು, ಅಡಿ, ಮರಳು, ಗೆರೆ ಎಲ್ಲಾ ಒಂದೇ ಕಡೆ ಕೈ ತೋರಿಸ್ತಿವೆ. ಅವತ್ತು ಗುಂಡಿ ಚೆಲ್ಲುತ್ತೆ ಅಂತ ನಾನು ತಿರುಗಿಸಿ ನೋಡಲಿಲ್ಲ. ಪೊರೆ ಇತ್ತು, ನಿಜ. ಆದ್ರೆ ಬೆರಳಿಗೇನೂ ಪೊರೆ ಇರಲಿಲ್ಲವಲ್ಲ.”

ಹೊಲಿಗೆಯವರು ಪರ್ಸಿನಿಂದ ಆ ಚೀಟಿ ತೆಗೆದು ಮುಂದೆ ಹಿಡಿದರು. “ಹಾಗಾದ್ರೆ ಇದರಲ್ಲೇ ಬರೀರಿ. ಯಾಕೆ ತಪ್ಪಾಯ್ತು ಅನ್ನೋದನ್ನೂ ಬರೀರಿ.”

“ಅತ್ತಿಗೆ, ಬೇಡ,” ಎಂದು ನಾದಿನಿ ತಗ್ಗಿದ ದನಿಯಲ್ಲಿ ಹೇಳಿದಳು. “ಬರೆದ್ರೆ ಆಫೀಸಿನವರು ನಿಮ್ಮ ಹಳೇ ಚೀಟಿಗಳನ್ನೆಲ್ಲ ತೆಗೀತಾರೆ.”

“ತೆಗೀಲಿ.”

ನೀಲಕ್ಕ ಹಳೆಯ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದರು: ‘ಹದಿನೆಂಟನೇ ಶತಮಾನದ ಆರಂಭ ಎಂದು ನನ್ನ ಅಭಿಪ್ರಾಯ. ಇನ್ನೊಬ್ಬರು ನೋಡಬೇಕು. ಮೊದಲ ಸಲ ಅಡಿ ನೋಡದೆ ಬರೆದಿದ್ದೆ. ನಾಲ್ಕು ವರ್ಷದಿಂದ ನನ್ನ ಕಣ್ಣಿನಲ್ಲಿ ಪೊರೆ ಇತ್ತು.’ ಸಹಿ, ತಾರೀಖು ಹಾಕಿದರು.

ದೀಪದವನು ಇಣುಕಿ ಆ ಸಹಿ ನೋಡಿದ. ಅವನ ಮುಖದ ನಗು ಇಳಿಯಿತು. “ಅಕ್ಕ, ಈ ಸಹಿ ಇದ್ದ ಚೀಟಿ ತೋರಿಸಿ ಹೋದ ವರ್ಷ ಇನ್ನಿಬ್ಬರು ಬಂದಿದ್ರು. ಒಂದು ಹೂಜಿ, ಒಂದು ಭರಣಿ.”

“ಕೊರೆದೆಯಾ?”

“ಚೀಟಿ ಇತ್ತಲ್ಲ. ಕೊರೆದೆ.”

ಹೊಲಿಗೆಯವರು ಭರಣಿಯನ್ನು ತಬ್ಬಿ ಹಿಡಿದು ಕುಳಿಯ ಮೇಲೆ ಅಂಗೈ ಮುಚ್ಚಿದರು. ನೀಲಕ್ಕ ಸ್ಟೂಲಿನ ಮೇಲೆ ಕೂತು ಅಂಗಡಿಯ ಪುಸ್ತಕ ಕೇಳಿದರು. ದೀಪದವನು ಹಾಳೆ ತಿರುವಿ ಎರಡು ನಂಬರು ಹುಡುಕಿದ. ಒಂದು ಚಾಲ್ತಿಯಲ್ಲಿರಲಿಲ್ಲ. ಇನ್ನೊಂದನ್ನು ನಾದಿನಿ ಗಟ್ಟಿಯಾಗಿ ಓದಿ ಹೇಳಿದಳು, ನೀಲಕ್ಕ ಒತ್ತಿದರು. ಆ ಕಡೆ ಒಬ್ಬ ಗಂಡಸು ಎತ್ತಿದ. ಹಿಂದೆ ಟೀವಿಯ ಸದ್ದಿತ್ತು.

“ನಾನು ಹರಾಜು ಮನೆಯಿಂದ ಮಾತಾಡ್ತಿದ್ದೀನಿ,” ಎಂದರು ನೀಲಕ್ಕ. “ನಿಮ್ಮನೆ ದೀಪದ ಬಗ್ಗೆ. ಅದು ಸಾಮಾನ್ಯದ್ದು ಅಂತ ಬರೆದುಕೊಟ್ಟವಳು ನಾನೇ. ಅದನ್ನೊಮ್ಮೆ ಬೋರಲು ಹಾಕಿ ನೋಡಬೇಕಿತ್ತು. ಈಗ ನಾನು ಬರಬಹುದಾ?”