ಯಾರ ಪಿ.ಎ.?

ನಮ್ಮ ಭದ್ರಾವತಿಯಲ್ಲಿ ಪಿ.ಎ. ಎಂಬ ಎರಡಕ್ಷರ ಕಿವಿಗೆ ಬಿದ್ದರೆ ಹುಟ್ಟುವ ಪ್ರಶ್ನೆ ಒಂದೇ: ಯಾರ ಪಿ.ಎ.? ಶಾಸಕರದ್ದೋ ಸಾಹೇಬರದ್ದೋ ಎಂದು ಗೊತ್ತಾದ ಮೇಲೆ ಎಷ್ಟು ಬಗ್ಗಿ ನಮಸ್ಕರಿಸಬೇಕೆಂಬುದು ನಿಶ್ಚಯವಾಗುತ್ತದೆ. ಹೀಗಾಗಿ ಕಾಗದನಗರದ ಶೇಖರಪ್ಪನ ಮಗಳು ನಂದಿತಾ ಶಿವಮೊಗ್ಗದಲ್ಲಿ ಡಾಕ್ಟರ ಜೊತೆ ಕೆಲಸ ಮಾಡುವ ಪಿ.ಎ. ಎಂಬ ಕೋರ್ಸು ಓದುತ್ತಿದ್ದಾಳೆಂದಾಗ, ಡಾಕ್ಟರ ಬ್ಯಾಗು ಹಿಡಿಯುವುದನ್ನೂ ಕಾಲೇಜಿನಲ್ಲಿ ಕಲಿಸುತ್ತಾರೆಯೇ ಎಂದು ಓಲ್ಡ್ ಟೌನಿನ ಟೀ ಅಂಗಡಿಯಲ್ಲಿ ನಕ್ಕವರ ಪೈಕಿ ನಿವೃತ್ತ ಕನ್ನಡ ಮೇಷ್ಟ್ರಾದ ನಾನೂ ಒಬ್ಬ.

ಮಾಚೇನಹಳ್ಳಿಯಲ್ಲಿ ಲೇತ್ ನಡೆಸುವ ಶೇಖರಪ್ಪನಿಗೆ ಆ ನಗು ಚುಚ್ಚಿತ್ತು. ಮೂರನೇ ವರ್ಷದಲ್ಲಿದ್ದ ಮಗಳನ್ನು ಬಿಡಿಸಿ ನೀಟ್ ಕೋಚಿಂಗಿಗೆ ಹಾಕಲು ನಿರ್ಧರಿಸಿ ನನ್ನಲ್ಲಿಗೆ ಬಂದ. "ನಿಮ್ ಸ್ಟೂಡೆಂಟು ಸಾರ್, ನೀವೇ ಒಂದ್ ಮಾತು ಹೇಳಿ. ನಾನ್ ಹೇಳಿದ್ರೆ ಅಳ್ತಾಳೆ."

ಓಂಕಾಳಿಗೂ ಸೋಡಾಕ್ಕೂ ಬಗ್ಗದ ನನ್ನ ಗ್ಯಾಸ್ಟ್ರಿಕ್ಕನ್ನು ಹೇಗೂ ತೋರಿಸಬೇಕಿತ್ತು. ಔಷಧ ತಂದು ಉಪದೇಶ ಕೊಟ್ಟು ಬರೋಣವೆಂದು ಅವಳು ತರಬೇತಿಯಲ್ಲಿದ್ದ ಶಿವಮೊಗ್ಗದ ಆಸ್ಪತ್ರೆಗೆ ಹೋದೆ. ಡಾಕ್ಟರಿಗೆ ಮುಂಚೆ ರೋಗಿಯ ವೃತ್ತಾಂತ ಬರೆದುಕೊಳ್ಳುವುದು ಅವಳ ಕೆಲಸ. ನಾನು ಬಾಯಿ ತೆರೆಯುವ ಮೊದಲೇ ಬಿ.ಪಿ. ಪಟ್ಟಿ ಸುತ್ತುತ್ತ ತನ್ನ ಓದಿನ ದಾರಿಯನ್ನು ಬಿಡಿಸಿಟ್ಟಳು: ಫಿಸಿಶಿಯನ್ ಅಸೋಸಿಯೇಟ್ ಅಂದರೆ ವೈದ್ಯರ ಸಹವರ್ತಿ, ಪಿಯುಸಿ ವಿಜ್ಞಾನದ ಮೇಲೆ ವಿಶ್ವವಿದ್ಯಾಲಯದ ಪದವಿ, ಮೂರು ವರ್ಷ ಪಾಠದ ಜೊತೆ ಹೀಗೆ ಒಂದಿಷ್ಟು ತರಬೇತಿ, ಕೊನೆಯ ನಾಲ್ಕನೇ ವರ್ಷ ಪೂರ್ತಿ ಆಸ್ಪತ್ರೆಯಲ್ಲೇ ಕೆಲಸ, ಬೇಕೆಂದರೆ ಮುಂದೆ ಸ್ನಾತಕೋತ್ತರ.

ಎದೆನೋವು ಉಂಟೇ ಎಂಬುದಕ್ಕೆ ಇಲ್ಲವೆಂದೆ. ಬರೆದುಕೊಂಡವಳು ಮುಂದಿನ ಪ್ರಶ್ನೆಗೆ ಹೋಗಲಿಲ್ಲ. "ನೋವಿಲ್ಲ, ಸರಿ ಸಾರ್. ಸಂಕಟ ಆಗುತ್ತಾ?"

ಜೀವನಪೂರ್ತಿ ಆ ಪದಕ್ಕೆ ಅರ್ಥ ಬರೆಸಿದವನಿಗೆ ಅದೊಂದು ರೋಗಲಕ್ಷಣವೆಂದು ಹೊಳೆದಿರಲಿಲ್ಲ. ಮೆಟ್ಟಿಲು ಹತ್ತುವಾಗ ಆಗುತ್ತದೆ, ನಿಂತರೆ ಹೋಗುತ್ತದೆ, ಗ್ಯಾಸು ಎಂದೆ.

"ನಮ್ ಕಡೆಯವ್ರು ಎದೆನೋವು ಅನ್ನಲ್ಲ ಸಾರ್. ನಮ್ಮಜ್ಜ ಸಂಕಟ ಸಂಕಟ ಅಂತಾನೇ ಹೋಗ್ಬಿಟ್ರು," ಎಂದವಳೇ ಡಾಕ್ಟರನ್ನು ಕರೆತಂದಳು. ಇಸಿಜಿ ನೋಡಿದ ಅವರು ನನ್ನನ್ನು ಮನೆಗೆ ಬಿಡಲಿಲ್ಲ. ಸಂಜೆಯೊಳಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಬಿತ್ತು. ಸಹಾಯಕಿಯೆಂದು ನಕ್ಕವನು ಅಸಹಾಯಕನಾಗಿ ಮಲಗಿ, ಯಾವುದನ್ನು ಕೇಳಬೇಕು, ಯಾವಾಗ ಡಾಕ್ಟರನ್ನು ಕರೆಯಬೇಕು ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸಿದ ಆ ಓದಿಗೂ ಕಲಿತ ಹುಡುಗಿಗೂ ಮನಸ್ಸಿನಲ್ಲೇ ಕೈಮುಗಿದೆ.

ಮರುದಿನ ವಾರ್ಡಿಗೆ ಬಂದ ಶೇಖರಪ್ಪ ಮೆಲ್ಲಗೆ ಕೇಳಿದ: "ಹೇಳಿದ್ರಾ ಸಾರ್?"

"ಹೇಳೋಕೇ ಹೋಗಿದ್ದೆ ಮಾರಾಯ. ಅಷ್ಟರಲ್ಲಿ ಅವಳೇ ಕೇಳಿಬಿಟ್ಲು," ಎಂದು ನಡೆದದ್ದನ್ನೆಲ್ಲ ಹೇಳಿದೆ. ತನ್ನ ತಂದೆಯನ್ನು ನೆನೆದನೋ ಏನೋ, ನನ್ನ ನಾಡಿ ನೋಡುತ್ತಿದ್ದ ಮಗಳನ್ನೇ ಬಹಳ ಹೊತ್ತು ನೋಡಿದ. ಕೋಚಿಂಗಿನ ಮಾತು ಮತ್ತೆ ಬರಲಿಲ್ಲ.

ನಂದಿತಾ ಈಗ ಕೊನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಟೀ ಅಂಗಡಿಯಲ್ಲಿ ಯಾರೋ ಹಳೆಯ ಪ್ರಶ್ನೆಯನ್ನೇ ಎತ್ತಿದರು: "ನಿನ್ ಮಗಳು ಯಾರ ಪಿ.ಎ. ಶೇಖರಪ್ಪ?"

ಅವನು ಗ್ಲಾಸು ಕೆಳಗಿಟ್ಟು ನನ್ನತ್ತ ಕೈ ತೋರಿಸಿದ. "ಸದ್ಯಕ್ಕೆ ಇವರದ್ದು. ಟೀ ಕುಡೀತಾ ಕೂತಿದಾರೆ, ನೋಡಿ."